ಮರಿನಾಲ್ವಾಳ ಕೋಶಗಳು

ಮಾರ್ಚ್ 13, 2019

ನಮ್ಮ ಲ್ಯಾಬಿನ ಮುಖ್ಯಸ್ಥೆ ಯುಲಾಲಿಯಾ ಇವತ್ತು ಮತ್ತೆ ಮರಿನಾಲ್ವಾಳ ಮೇಲೆ ಎರಗಿದಳು. ಇಡೀ ದಿನ "ಪ್ರೊಫೆಸೋರಾ, ಪ್ರೊಫೆಸೋರಾ" ಅಂದು ಅಂದು ನಾಲಿಗೆ ಸವೆದಿದೆ. ಈ ಡೈರಿಯಲ್ಲಾದರೂ ಅವಳನ್ನು ಏಕವಚನದಲ್ಲಿ ಬರೆಯುತ್ತೇನೆ.

ಲ್ಯಾಬಿನ ವಾರದ ಸಭೆ. ಮರಿನಾಲ್ವಾ ಎದ್ದು ನಿಂತು ತನ್ನ ಕೆಲಸ ಹೇಳುತ್ತಿದ್ದಳು. ಅವಳು ದೂರದ ಉತ್ತರದ ಬೆಲೆಂ ಕಡೆಯವಳು, ನದಿಯ ಸೀಮೆಯವಳು. ಮಾತು ನಿಧಾನ, ರಾಗ ಬೇರೆ. ಯುಲಾಲಿಯಾ ಪೆನ್ನಿನಿಂದ ಮೇಜು ಕುಟ್ಟಿದಳು.

"ತಡಿ, ತಡಿ. ಇದನ್ನ ಯಾರಾದ್ರೂ ಪೋರ್ಚುಗೀಸಿಗೆ ತರ್ಜುಮೆ ಮಾಡ್ತೀರಾ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪಕ್ಕದ ಮೇಜಿನ ಎವಾಂಡ್ರೊ ಕೂಡ ನಗಲಿಲ್ಲ. ಅವನು ಡಾಕ್ಟರೇಟ್ ಮುಗಿಸಿ ಇಲ್ಲೇ ಉಳಿದವನು, ಯುಲಾಲಿಯಾಗೆ ಅಷ್ಟಾಗಿ ಹೆದರುವುದಿಲ್ಲ. ಮರಿನಾಲ್ವಾ ಕೆಂಪಗಾಗಿ, ಹೇಳುತ್ತಿದ್ದುದನ್ನೇ ಮೊದಲಿಂದ, ಇನ್ನೂ ನಿಧಾನವಾಗಿ ಹೇಳತೊಡಗಿದಳು.

ಆಮೇಲೆ ಯುಲಾಲಿಯಾ ನಿಜವಾದ ಸುದ್ದಿ ಹೊರಗೆ ಹಾಕಿದಳು. ಮೇಲಿನಿಂದ ಬರುತ್ತಿದ್ದ ಅನುದಾನಕ್ಕೆ ಕತ್ತರಿ ಬೀಳಲಿದೆ. "ಜುಸ್ಸಾರಾ, ಮರಿನಾಲ್ವಾ, ನಿಮ್ಮಿಬ್ಬರಲ್ಲಿ ಒಬ್ಬಳನ್ನ ಮಾತ್ರ ಮುಂದಿನ ವರ್ಷಕ್ಕೆ ಇಟ್ಕೋತೀನಿ. ಯಾರು ಮೊದಲು ಆ ಜೀನಿನ ಬಾಯಿ ಮುಚ್ಚಿಸ್ತಾಳೋ ಅವಳು. ಅತ್ತು ಕರೆದು ನನ್ನ ಹತ್ರ ಬರಬೇಡಿ."

ಮನೆಗೆ ಬರುವಾಗ ನಾನು ಬಸ್ಸಿನಲ್ಲಿದ್ದಾಗ ಅಮ್ಮ ಫೋನ್ ಮಾಡಿದ್ದಳು. "ಒಂದು ಹುಳಕ್ಕೆ ಇಷ್ಟೊಂದು ರಂಪಾನಾ? ಅದೇನು ಅಂತಾದ್ರೂ ಹೇಳೆ," ಎಂದಳು. ಅವಳಿಗೆ ಅರ್ಥವಾಗುವಂತೆ ಹೇಳಿದ್ದನ್ನೇ ಇಲ್ಲೂ ಬರೆದಿಡುತ್ತೇನೆ, ಚೆನ್ನಾಗಿ ಹೇಳಿದೆ ಅನಿಸಿತು. ನೊಣದ ಕರುಳಿನಲ್ಲಿ ಬದುಕುವ ಒಂದು ಜೀವಿ. ಒಂದೇ ಕೋಶ, ಒಂದು ಬಾಲ. ಆ ಕೋಶದೊಳಗೆ ಒಂದೇ ಒಂದು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿದೆ. ಹೊರಗೆ ಹಾಕಿದರೆ ಅದು ಸಾಯುತ್ತದೆ, ಅದಿಲ್ಲದೆ ಕೋಶವೂ ಸೊರಗುತ್ತದೆ. ಕೋಶ ಎರಡಾಗುವ ಮುಂಚೆ ಬ್ಯಾಕ್ಟೀರಿಯಾ ಎರಡಾಗಿ, ಒಂದೊಂದು ಮರಿಗೆ ಒಂದೊಂದು ಹೋಗುತ್ತದೆ. ಈಗ ಎರಡಾಗು ಎಂದು ಅದಕ್ಕೆ ಹೇಳುವುದು ಕೋಶದ ಒಂದು ಜೀನ್ ಎಂಬುದು ನಮ್ಮ ಅನುಮಾನ. ನಾವು ಆ ಜೀನನ್ನು ಕಿತ್ತುಹಾಕುವುದಿಲ್ಲ. ಅದು ಕಳಿಸುವ ಸಂದೇಶವನ್ನು ದಾರಿಯಲ್ಲೇ ಚೂರುಚೂರು ಮಾಡಿಸುತ್ತೇವೆ. ಜೀನ್ ಇದ್ದಲ್ಲೇ ಇರುತ್ತದೆ, ಅದರ ಮಾತು ಮಾತ್ರ ಯಾರನ್ನೂ ತಲುಪುವುದಿಲ್ಲ.

"ಪಾಪ," ಎಂದಳು ಅಮ್ಮ.

ನಾವಿಬ್ಬರೂ ಒಟ್ಟಿಗೆ ಬಾಡಿಗೆಗಿರುವ ಮನೆಯಲ್ಲಿ ಮರಿನಾಲ್ವಾ ಮೀನು ಹುರಿದಿದ್ದಳು, ಜೊತೆಗೆ ಗಟ್ಟಿಯಾದ ಅಸಾಯಿ ಹಣ್ಣಿನ ರಸ, ಮರಗೆಣಸಿನ ಹಿಟ್ಟು. ನಾನು ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಕ್ಕೆ ಕೈಮೇಲೆ ಒಂದು ಏಟು ಕೊಟ್ಟಳು.

"ಇದಕ್ಕೂ ಸಕ್ಕರೆ ಸುರ್ಕೊಂಡು ತಿಂತೀರಲ್ಲೇ, ನೀವು ರಿಯೊದವರು! ಮೀನಿನ ಜೊತೆ ತಿನ್ನು, ಮನಾ."

ಮನಾ ಅಂದರೆ ಅವಳ ಕಡೆ ಅಕ್ಕ, ತಂಗಿ, ಎಲ್ಲವೂ. ಅವಳು ನನಗಿಂತ ಆರೇಳು ವರ್ಷ ದೊಡ್ಡವಳು. ಈ ಮನೆಗೆ ಬಂದ ದಿನದಿಂದ ನನ್ನನ್ನು ಹಾಗೇ ಕರೆಯುವುದು.

"ನಾವಿಬ್ರೂ ಕಚ್ಚಾಡ್ಲಿ ಅಂತಾನೇ ಯುಲಾಲಿಯಾ ಹೀಗೆ ಮಾಡಿರೋದು," ಎಂದೆ.

"ಹಾಗಾದ್ರೆ ಕಚ್ಚಾಡೋದು ಬೇಡ. ನನಗೆ ಸಿಕ್ಕಿದ್ದು ನಿನಗೆ ಹೇಳ್ತೀನಿ, ನಿನಗೆ ಸಿಕ್ಕಿದ್ದು ನನಗೆ ಹೇಳು. ಆಮೇಲೆ ಅವಳೇ ತಲೆ ಕೆರ್ಕೊಳ್ಳಲಿ."

ಎಣ್ಣೆಗೈಯಲ್ಲೇ ಕೈ ಕುಲುಕಿದೆವು. ಇಂಥ ಗೆಳತಿ ಇರುವಾಗ ಯುಲಾಲಿಯಾ ನನ್ನನ್ನೇನು ಮಾಡಿಯಾಳು?

ಮಾರ್ಚ್ 29

ನನ್ನ ಕೋಶಗಳು ಮತ್ತೆ ಸತ್ತವು. ಆ ಸಂದೇಶವನ್ನು ಚೂರು ಮಾಡಿಸುವ ಡಿಎನ್‌ಎ ತುಣುಕನ್ನು ಒಳಗೆ ತೂರಿಸಲು ಅವುಗಳಿಗೆ ವಿದ್ಯುತ್ತಿನ ಪೆಟ್ಟು ಕೊಡಬೇಕು. ಕಡಿಮೆಯಾದರೆ ತುಣುಕು ಒಳಗೆ ಹೋಗುವುದಿಲ್ಲ, ಹೆಚ್ಚಾದರೆ ಕೋಶ ಉಳಿಯುವುದಿಲ್ಲ. ನನ್ನದು ಫ್ಲಾಸ್ಕಿನ ತಳದಲ್ಲಿ ಬೂದಿಯಂತೆ ಕೂತಿತ್ತು.

"ಏನಮ್ಮ, ಸಾರು ಮಾಡಿದ್ದೀಯಾ?" ಎಂದು ಎವಾಂಡ್ರೊ ಇಣುಕಿ ನೋಡಿದ.

ಮರಿನಾಲ್ವಾಳವು ಬದುಕಿವೆ. ಅವಳ ಕೈಯೇ ಹಾಗೆ. ಪೈಪೆಟ್ ಹಿಡಿದರೆ ಅದು ಅವಳ ಇನ್ನೊಂದು ಬೆರಳಿನ ಹಾಗೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಪೆಟ್ಟು ಕೊಟ್ಟ ಮೇಲೆ ಅಲುಗಾಡಿಸದೆ ಹಾಗೇ ಬಿಡುತ್ತಾಳೆ. ಆಮೇಲೆ ಒಂದೊಂದೇ ಕೋಶವನ್ನು ಬೇರೆ ಮಾಡಿ, ಒಂದೊಂದಕ್ಕೂ ಬೇರೆ ಗೂಡು. ಒಂದು ಕೋಶದಿಂದ ಒಂದು ವಂಶ. ನಾನಾದರೆ ಎಲ್ಲವನ್ನೂ ಒಟ್ಟಿಗೆ ಸುರಿದುಬಿಡುತ್ತೇನೆ.

"ಅವಸರ ಮಾಡ್ಬೇಡ, ಮನಾ. ಅವಕ್ಕೂ ಭಯ ಆಗಿರತ್ತೆ."

ನಗು ಬಂತು. ಅಷ್ಟು ಸಣ್ಣದಕ್ಕೆ ಭಯವೇ!

ಏಪ್ರಿಲ್ 17

ಅವಳಿಗೆ ಸಿಕ್ಕಿತು.

ಮಧ್ಯಾಹ್ನ ಊಟಕ್ಕೆ ಹೊರಟಿದ್ದೆ. ಮರಿನಾಲ್ವಾ ಬಾಗಿಲ ಬಳಿ ಬಂದು ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು. ಸೂಕ್ಷ್ಮದರ್ಶಕದ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನೋಡು. ನಾನೇನೂ ಹೇಳಲ್ಲ. ನಿನಗೆ ಏನು ಕಾಣತ್ತೆ ಹೇಳು."

ಕೋಶಗಳೊಳಗೆ ಬ್ಯಾಕ್ಟೀರಿಯಾ ಎರಡಾಗಿರಲಿಲ್ಲ. ಒಂದೇ ಸಮನೆ ಬೆಳೆಯುತ್ತ ಬೆಳೆಯುತ್ತ ದಾರದಂತೆ ಸುತ್ತಿಕೊಂಡಿತ್ತು. ಒಂದು ಕೋಶ ಅದರ ಸಮೇತ ಎರಡಾಗಲು ಹೆಣಗುತ್ತಿತ್ತು. ಒಂದು ಮರಿಗೆ ದಾರವೆಲ್ಲ ಹೋಗಿ ಇನ್ನೊಂದು ಬರಿದಾಗಿ ಉಳಿದಿತ್ತು.

"ದಾರ," ಎಂದೆ.

"ದಾರ ಅಲ್ವಾ? ನನ್ನ ಭ್ರಮೆ ಅಲ್ಲ ಅಲ್ವಾ?" ಎಂದವಳೇ ನನ್ನನ್ನು ತಬ್ಬಿಕೊಂಡು ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿತು. ನನಗೆ ನಿಜವಾಗಿಯೂ ಸಂತೋಷವಾಯಿತು. ಅದನ್ನು ಇಲ್ಲಿ ಬರೆಯಲೇಬೇಕು, ನಿಜವಾಗಿಯೂ ಸಂತೋಷವಾಯಿತು.

"ಯುಲಾಲಿಯಾಗೆ ಹೇಳೋಣ ನಡಿ," ಎಂದೆ.

"ಬೇಡ. ಇನ್ನೊಂದ್ಸಲ ಮಾಡಿ ನೋಡ್ತೀನಿ. ಆಮೇಲೆ ಹೇಳೋಣ. ನನ್ನ ಮಾತಂದ್ರೆ ಅವಳಿಗೆ ಹೇಗಿದ್ರೂ ನಗುನೇ. ತಪ್ಪು ಹುಡುಕೋಕೆ ಸಿಗಬಾರದು." ಆಮೇಲೆ ಕಣ್ಣೊರೆಸಿಕೊಂಡು, "ನಮ್ಮಿಬ್ರದ್ದು ಅಂತ ಹೇಳ್ತೀನಿ, ಬೇಕಾದ್ರೆ ಬೈಲಿ," ಎಂದಳು.

"ಹುಚ್ಚಿ, ಇದು ನಿನ್ನದು," ಎಂದೆ.

ಆ ಕೋಶಗಳನ್ನು ಒಂದಷ್ಟು ನಳಿಗೆಗಳಿಗೆ ತುಂಬಿ ದ್ರವ ಸಾರಜನಕದ ತೊಟ್ಟಿಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಳು. ಯಾವ ಗೂಡು ಎಂದು ನನಗೂ ತೋರಿಸಿದಳು.

ಮೇ 2

ಮರಿನಾಲ್ವಾಗೆ ಚಿಕುನ್‌ಗುನ್ಯಾ. ಈ ಬೀದಿಯಲ್ಲಿ ಜ್ವರ ಇಲ್ಲದ ಮನೆಯೇ ಇಲ್ಲ, ಆದರೂ ಇಷ್ಟು ಜೋರಾಗಿ ಬಂದದ್ದನ್ನು ನೋಡಿರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಕಿರುಚುತ್ತಾಳೆ. ಮಣಿಕಟ್ಟು, ಬೆರಳು ಊದಿ ಹೋಗಿವೆ. ಕೋಳಿ ಸಾರು ಮಾಡಿ ಚಮಚದಲ್ಲಿ ಕುಡಿಸಿದೆ, ತಲೆ ಬಾಚಿದೆ.

"ನನ್ನ ಕೋಶಗಳು, ಮನಾ," ಎಂದಳು. "ಹೊಸ ಊಟಕ್ಕೆ ದಾಟಿಸದೆ ಬಿಟ್ರೆ ಸತ್ತುಹೋಗ್ತವೆ."

"ನಾನಿಲ್ವಾ? ನೀನು ಮಲಗು."

ಕಣ್ಣು ಮುಚ್ಚಿಕೊಂಡೇ ಎಲ್ಲ ಹೇಳಿಕೊಟ್ಟಳು. ಎಷ್ಟು ಎಳೆಯಬೇಕು, ಯಾವ ಔಷಧಿ ಎಷ್ಟು, ಯಾವ ಫ್ಲಾಸ್ಕನ್ನು ಮುಟ್ಟಬಾರದು. ಹೋಗಿ ಹೇಳಿದಂತೆಯೇ ಮಾಡಿ ಬಂದೆ. ಎಲ್ಲ ಜೀವಂತವಾಗಿವೆ ಎಂದಾಗ ನನ್ನ ಕೈ ಹಿಡಿಯಲು ನೋಡಿದಳು. ಆಗಲಿಲ್ಲ.

ಮೇ 9

ಆಗಿದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಬೆಳಿಗ್ಗೆ ಮರಿನಾಲ್ವಾಳ ಕೋಶಗಳನ್ನು ದಾಟಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಿದ್ದೆ. ದಾರಗಳು ಹಾಗೇ ಇದ್ದವು, ಇನ್ನೂ ಚೆಂದ. ಹಿಂದಿನಿಂದ ಯುಲಾಲಿಯಾ ಬಂದದ್ದು ಗೊತ್ತಾಗಲಿಲ್ಲ. "ಸ್ವಲ್ಪ ಸರ್ಕೋ," ಎಂದು ನನ್ನ ಜಾಗದಲ್ಲಿ ಕೂತು, ಬಹಳ ಹೊತ್ತು ನೋಡಿದಳು. ಕತ್ತಿನ ಸರ ಮೇಜಿಗೆ ತಾಗಿ ಟಕ್ ಟಕ್ ಅನ್ನುತ್ತಿತ್ತು.

"ಎಷ್ಟು ದಿನದಿಂದ ಹೀಗಿದೆ?"

"ಏಪ್ರಿಲ್‌ನಿಂದ, ಪ್ರೊಫೆಸೋರಾ."

"ಮತ್ತೆ ಬಾಯಿ ಮುಚ್ಕೊಂಡು ಕೂತಿದ್ದೀಯಾ?"

"ಇನ್ನೊಂದ್ಸಲ ಮಾಡಿ ನೋಡ್ಬೇಕು ಅಂತ..."

ಅವಳು ಎದ್ದು ನಿಂತು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡಳು. ಸಾಬೂನಿನ ವಾಸನೆ. ಈ ಮೂರು ವರ್ಷದಲ್ಲಿ ನನ್ನನ್ನು ಮುಟ್ಟಿದ್ದೇ ಇಲ್ಲ. "ಬಂಗಾರ ಕಣೇ ನೀನು. ಕಲ್ಲು ಅಂದ್ಕೊಂಡಿದ್ದೆ," ಎಂದಳು.

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ಮಾತಾಡುತ್ತ ಹೊರಟೇಹೋದಳು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಿದ್ದೇನೆ. ಯಾರದು ಎಂದು ಅವಳು ಕೇಳಲೇ ಇಲ್ಲ.

ಮೇ 10

ಇವತ್ತು ಹೇಳೋಣವೆಂದಿದ್ದೆ. ಪ್ರೊಫೆಸೋರಾ ಇಡೀ ದಿನ ಸಭೆಯಲ್ಲಿದ್ದರು.

ಮೇ 24

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆಸಿದೆವು. ಪ್ರೊಫೆಸೋರಾ ಸ್ವತಃ ಬಂದು ನಿಂತರು. ಈ ವರ್ಷದ ಸಮ್ಮೇಳನದಲ್ಲಿ ನಾನೇ ಮಾತಾಡಬೇಕಂತೆ. ಹತ್ತಿರದಿಂದ ನೋಡಿದರೆ ಅವರು ಅಷ್ಟು ಕೆಟ್ಟವರಲ್ಲ. ಅವರೂ ಈ ಗಂಡಸರ ನಡುವೆ ಕಚ್ಚಿ ಹಿಡಿದು ಬಂದವರು.

ಫ್ಲಾಸ್ಕುಗಳ ಮೇಲಿನ ಮರಿನಾಲ್ವಾಳ ಹೆಸರು ಒದ್ದೆಯಾಗಿ ಅಳಿಸುತ್ತ ಬಂದಿತ್ತು. ಹೆಸರಿಲ್ಲದ್ದನ್ನು ಶುಚಿ ಮಾಡುವವರು ಎಸೆದುಬಿಡುತ್ತಾರೆ. ಹೊಸದಾಗಿ ನನ್ನ ಹೆಸರು ಬರೆದೆ.

ಮನೆಗೆ ಬಂದಾಗ ಮರಿನಾಲ್ವಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದಿದ್ದಳು. ಕಾಫಿ ಮಾಡಲು ಹೋಗಿ ಬಟ್ಟಲು ಒಡೆದಿದ್ದಳು.

"ಪ್ರೊಫೆಸೋರಾ ನನ್ನ ವಿಚಾರಿಸಿದ್ರಾ?"

"ಅವರಿಗೆ ಉಸಿರಾಡೋಕೂ ಪುರಸೊತ್ತಿಲ್ಲ."

"ದಾರ ಹಾಗೇ ಇದೆಯಾ?"

"ಇದೆ, ಇದೆ. ದಿನಾ ಅದನ್ನೇ ಕೇಳ್ತೀಯಲ್ಲ."

ಒಡೆದ ಚೂರು ಗುಡಿಸಿದ್ದು ನಾನೇ. ಇಡೀ ದಿನ ದುಡಿದು ಬಂದವಳು ನಾನು, ಬಂದಮೇಲೂ ನಾನೇ. ಅದನ್ನು ಯಾರೂ ಕೇಳುವುದಿಲ್ಲ.

ಜೂನ್ 12

ಇವತ್ತು ಅವಳು ಹೇಳದೆ ಕೇಳದೆ ಲ್ಯಾಬಿಗೆ ಬಂದುಬಿಟ್ಟಳು. ನಾನು ಹೊರಡುವಾಗ ಮಲಗಿದ್ದಳು. ಸಭೆ ಶುರುವಾದ ಮೇಲೆ ಬಾಗಿಲು ತೆರೆದುಕೊಂಡು ಬಂದು ಹಿಂದಿನ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಚಿತ್ರ ಇತ್ತು, ಕೆಳಗೆ ನನ್ನ ಹೆಸರು, ಪ್ರೊಫೆಸೋರಾ ಹೆಸರು.

ಮೊದಲು ಅವಳು ನಕ್ಕಳು. ಚಿತ್ರ ನೋಡಿ ಸಂತೋಷದಿಂದ ನಕ್ಕಳು. ಆಮೇಲೆ ಓದಿದಳು.

"ಮನಾ," ಎಂದಳು. "ಹೇಳು."

ಪ್ರೊಫೆಸೋರಾ ತಿರುಗಿದರು. "ಏನು ಹೇಳ್ಬೇಕಂತೆ?"

"ಅದು ನನ್ನ ಕೆಲಸ, ಪ್ರೊಫೆಸೋರಾ. ಏಪ್ರಿಲ್‌ನಲ್ಲಿ ನಾನು ಮಾಡಿದ್ದು. ಜುಸ್ಸಾರಾ ನೋಡಿದ್ದಾಳೆ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ನಾನೇನು ಹೇಳಬಹುದಿತ್ತು? ಚಿತ್ರ ತೆಗೆಸಿದ್ದು ನಾನು. ಇಷ್ಟು ದಿನ ಅವುಗಳನ್ನು ಬದುಕಿಸಿದ್ದು ನಾನು. ಒಂದೇ ಮಾತಿನಲ್ಲಿ ಹೌದು, ಇಲ್ಲ ಎನ್ನುವಂಥ ವಿಷಯವಲ್ಲ ಅದು. ನಾನು ಪರದೆಯನ್ನೇ ನೋಡುತ್ತಿದ್ದೆ.

ಪ್ರೊಫೆಸೋರಾ ಕೈಗಡಿಯಾರ ನೋಡಿಕೊಂಡರು. ಆಮೇಲೆ ಮೇಜಿನ ಮೇಲಿದ್ದ ಪೈಪೆಟ್ ಒಂದನ್ನು ಮರಿನಾಲ್ವಾಳ ಮುಂದಿಟ್ಟು, ಒಂದು ಲೋಟ ನೀರಿಟ್ಟರು.

"ಒಂದು ಹನಿ ತೆಗಿ. ಒಂದೇ ಒಂದು ಹನಿ. ಇಷ್ಟು ನಾಜೂಕಿನ ಕೆಲಸ ಮಾಡಿದವಳಲ್ವಾ? ನಮಗೂ ತೋರಿಸು."

"ಪ್ರೊಫೆಸೋರಾ, ನನ್ನ ಕೈ..."

"ತೆಗಿ."

ಅವಳು ಪೈಪೆಟ್ ಎತ್ತಿಕೊಂಡಳು. ಬೆರಳುಗಳು ಮಡಚುತ್ತಲೇ ಇರಲಿಲ್ಲ. ಎರಡೂ ಅಂಗೈಗಳ ನಡುವೆ ಅದನ್ನು ಸಿಕ್ಕಿಸಿಕೊಂಡು ಗುಂಡಿ ಒತ್ತಲು ನೋಡಿದಳು. ಹಣೆಯಲ್ಲಿ ಬೆವರು. ಪೈಪೆಟ್ ಜಾರಿತು, ಹಿಡಿಯಹೋದಾಗ ಲೋಟವೂ ಉರುಳಿತು. ನೀರು ಅವಳ ಬಟ್ಟೆಯ ಮೇಲೆಲ್ಲ ಚೆಲ್ಲಿತು. ಯಾರೋ ಕಿಸಕ್ಕೆಂದರು.

"ಈ ಕೈಯಲ್ಲೇನಮ್ಮ?" ಎಂದರು ಪ್ರೊಫೆಸೋರಾ. "ದೋಣಿಗೆ ಹುಟ್ಟು ಹಾಕೋ ಕೈಯಲ್ಲಿ?"

"ಸಾಕು, ಪ್ರೊಫೆಸೋರಾ!" ಎಂದು ಎವಾಂಡ್ರೊ ಎದ್ದು ನಿಂತ. "ಕಾಯಿಲೆ ಬಿದ್ದಿದ್ದಾಳೆ ಅವಳು."

"ಕಾಯಿಲೆಯವರು ಮನೇಲಿರ್ಲಿ."

ಪೈಪೆಟ್ ನನ್ನ ಕಾಲ ಬಳಿಗೆ ಉರುಳಿ ಬಂದಿತ್ತು. ದುಬಾರಿ ವಸ್ತು. ಎತ್ತಿ, ಒರೆಸಿ, ಅದರ ಜಾಗದಲ್ಲಿಟ್ಟೆ.

ಜೂನ್ 13

ಅವಳು ಗಂಟುಮೂಟೆ ಕಟ್ಟುತ್ತಿದ್ದಳು. ಜಿಪ್ಪು ಎಳೆಯಲಾಗದೆ ಹಲ್ಲಿನಿಂದ ಎಳೆಯುತ್ತಿದ್ದಳು. ನಾನು ಸಹಾಯಕ್ಕೆ ಹೋದರೆ, "ಮುಟ್ಟಬೇಡ," ಎಂದಳು.

"ನೀನು ಕೂಗಾಡು, ಬೈಯಿ. ಹೀಗೆ ಮುಖ ಗಂಟಿಕ್ಕೊಂಡ್ರೆ ಹೇಗೆ?"

"ಬೈಯೋಕೆ ಬರ್ತಿಲ್ಲ. ನೀನು ನನಗೆ ಊಟ ಮಾಡಿಸಿದ್ದೀಯ. ಸಾರು ಆರಿಸಿ ಆರಿಸಿ ಬಾಯಿಗೆ ಹಾಕಿದ್ದೀಯ. ಆಗಲೂ ನಿನ್ನ ಮನಸ್ಸಲ್ಲಿ ಇದೇ ಇತ್ತಾ? ಅದೊಂದು ಹೇಳಿಬಿಡು, ಹೋಗ್ತೀನಿ."

"ನಿನಗೆ ಯಾರು ಕಾಯೋಕೆ ಹೇಳಿದ್ದು?" ಎಂದೆ. ನನಗೂ ಸಿಟ್ಟು ಬಂದಿತ್ತು. "ಏಪ್ರಿಲ್‌ನಲ್ಲೇ ಹೋಗಿ ಹೇಳೋಣ ಅಂದೆ ತಾನೆ? ಇನ್ನೊಂದ್ಸಲ, ಇನ್ನೊಂದ್ಸಲ ಅಂದಿದ್ದು ನೀನು. ನಾನು ನೋಡಿಕೊಳ್ಳದೆ ಹೋಗಿದ್ರೆ ಇವತ್ತು ಅವು ನಿನಗೂ ಇರ್ತಿರಲಿಲ್ಲ, ನನಗೂ ಇರ್ತಿರಲಿಲ್ಲ."

ಅವಳು ನನ್ನನ್ನೇ ನೋಡಿದಳು, ಯಾವುದೋ ಅಂಗಡಿಯಲ್ಲಿ ತಪ್ಪು ಸಾಮಾನು ಕೊಟ್ಟವರನ್ನು ನೋಡಿದಂತೆ. "ನೀನು ಹೇಳ್ತಿರೋದು ನಿನಗೇ ನಿಜ ಅನಿಸ್ತಿದೆ, ಅಲ್ವಾ?" ಎಂದಳು.

ಎವಾಂಡ್ರೊ ಕಾರು ತಂದಿದ್ದ. ನನ್ನ ಕಡೆ ತಿರುಗಿಯೂ ನೋಡದೆ ಪೆಟ್ಟಿಗೆ ಹೊತ್ತುಕೊಂಡು ಇಳಿದ.

ಜುಲೈ 8

ಅವಳಿದ್ದ ಮುಂದಿನ ಕೋಣೆಗೆ ಬಂದೆ. ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಮೀನಿನ ವಾಸನೆ ಹೋಗಲು ಗೋಡೆಗೆ ಬಣ್ಣ ಹೊಡೆಸಿದೆ.

ಮುಂದಿನ ವರ್ಷಕ್ಕೆ ನನ್ನ ಜಾಗ ಗಟ್ಟಿಯಾಯಿತು. ಎವಾಂಡ್ರೊ ಊಟಕ್ಕೆ ಬೇರೆ ಮೇಜಿಗೆ ಹೋಗುತ್ತಾನೆ. ಯಶಸ್ಸು ಕಂಡರೆ ಗಂಡಸರಿಗೆ ಉರಿ ಎಂದು ಪ್ರೊಫೆಸೋರಾ ಹೇಳುವುದು ಸುಳ್ಳಲ್ಲ.

ಆಗಸ್ಟ್ 20

ದಾರಗಳು ಹೋಗಿಬಿಟ್ಟಿವೆ.

ಹೋದ ವಾರ ಅಲ್ಲೊಂದು ಇಲ್ಲೊಂದು ಕೋಶದಲ್ಲಿ ಬ್ಯಾಕ್ಟೀರಿಯಾ ಮಾಮೂಲಿನಂತೆ ಎರಡಾಗಿದ್ದು ಕಂಡಿತ್ತು. ಇವತ್ತು ನೋಡಿದರೆ ಎಲ್ಲವೂ ಹಾಗೇ. ಬಾಯಿ ಮುಚ್ಚಿಸಿದ್ದ ಜೀನ್ ಮತ್ತೆ ಮಾತಾಡುತ್ತಿದೆ. ಹೀಗಾಗುವುದುಂಟು. ಯಾವುದೋ ಒಂದು ಕೋಶ ತಪ್ಪಿಸಿಕೊಳ್ಳುವ ದಾರಿ ಕಂಡುಕೊಳ್ಳುತ್ತದೆ. ಉಳಿದವಕ್ಕಿಂತ ಬೇಗ ಬೆಳೆಯುತ್ತದೆ, ಕಡೆಗೆ ಫ್ಲಾಸ್ಕಿನ ತುಂಬ ಅದರ ಮಕ್ಕಳೇ. ಹೊಸದಾಗಿ ಮಾಡಲು ಕೂತೆ. ಮತ್ತೆ ತಳದಲ್ಲಿ ಬೂದಿ.

ಗಾಬರಿ ಇಲ್ಲ. ಏಪ್ರಿಲ್‌ನಲ್ಲಿ ಹೆಪ್ಪುಗಟ್ಟಿಸಿದ್ದು ಇದೆಯಲ್ಲ ಎಂದು ತೊಟ್ಟಿ ತೆರೆದೆ. ಹೊಗೆ ಸರಿದ ಮೇಲೆ ಗೂಡು ನೋಡಿದೆ. ಖಾಲಿ.

ಆಗಸ್ಟ್ 24

ಮರಿನಾಲ್ವಾ ಈಗ ರಿಯೊ ಹೊರವಲಯದ ನೋವಾ ಇಗುವಾಸುನಲ್ಲಿದ್ದಾಳೆ. ಶನಿವಾರ ಪ್ರವೇಶ ಪರೀಕ್ಷೆಗೆ ಕೂರುವವರಿಗೆ ಪಾಠ ಮಾಡುತ್ತಾಳೆ. ರೈಲಿನಲ್ಲಿ ನಿಂತುಕೊಂಡೇ ಹೋದೆ. ದಿನಸಿ ಅಂಗಡಿಯ ಮೇಲೆ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ಬೋರ್ಡಿನ ಮೇಲೆ ಕೋಶದ ಚಿತ್ರ ಬರೆದಿದ್ದಳು, ಗೆರೆ ಎಲ್ಲ ಸೊಟ್ಟ. ಸೀಮೆಸುಣ್ಣವನ್ನು ಮುಷ್ಟಿಯಲ್ಲಿ ಹಿಡಿದಿದ್ದಳು, ಮಕ್ಕಳು ಹಿಡಿಯುವ ಹಾಗೆ.

ಪಾಠ ಮುಗಿಯುವವರೆಗೂ ಮೆಟ್ಟಿಲ ಮೇಲೆ ಕಾದೆ. ಆಕೆ ಬಂದು ಎರಡು ಮೆಟ್ಟಿಲು ಮೇಲೆಯೇ ನಿಂತಳು.

"ಸತ್ತವಾ?"

"ಇಲ್ಲ. ತಪ್ಪಿಸ್ಕೊಂಡ್ವು. ಮತ್ತೆ ಎರಡಾಗ್ತಿವೆ."

"ಒಂದೊಂದೇ ಆರಿಸಿ ಬೇರೆ ಮಾಡ್ತಾ ಹೋಗ್ಲಿಲ್ವಾ?"

"ಅಷ್ಟಕ್ಕೆಲ್ಲ ಸಮಯ ಎಲ್ಲಿತ್ತು?" ಎಂದೆ. "ನೋಡು, ಆಗಿದ್ದು ಆಯ್ತು. ಹೆಪ್ಪುಗಟ್ಟಿಸಿಟ್ಟ ನಳಿಗೆಗಳು ಕಾಣ್ತಿಲ್ಲ. ಅವನ್ನ ಬೇರೆ ಕಡೆ ಇಟ್ಟಿದ್ದೀಯಾ? ಕೊಟ್ರೆ ನಿನ್ನ ಹೆಸರನ್ನೂ ಸೇರಿಸೋಕೆ ಪ್ರೊಫೆಸೋರಾನ ಕೇಳ್ತೀನಿ. ಕೊನೆಯಲ್ಲಿ, ಧನ್ಯವಾದ ಹೇಳೋ ಕಡೆ."

ಆಕೆ ನಕ್ಕಳು. "ಧನ್ಯವಾದ ಹೇಳೋ ಕಡೆ," ಎಂದು ಇನ್ನೊಮ್ಮೆ ಹೇಳಿಕೊಂಡಳು.

"ಎಲ್ಲಿವೆ ಹೇಳೇ."

"ಆ ದಿನ, ನೀರು ಚೆಲ್ಲಿದ ದಿನ, ನೀವೆಲ್ಲ ಊಟಕ್ಕೆ ಹೋದ್ರಿ. ನಾನು ಹೊರಗೆ ಪಡಸಾಲೆಯಲ್ಲಿ ಕೂತಿದ್ದೆ. ನೀನು ಬರ್ತೀಯ, ಏನೋ ಒಂದು ಹೇಳ್ತೀಯ ಅಂತ ಕಾದೆ. ಏನು ಹೇಳಿದ್ರೂ ಒಪ್ಕೋತಿದ್ದೆ, ಮನಾ, ಸತ್ಯವಾಗ್ಲೂ. ನೀನು ನನ್ನ ಮುಂದೇನೇ ಹಾದು ಹೋದೆ, ಪ್ರೊಫೆಸೋರಾ ಚೀಲ ಹಿಡ್ಕೊಂಡು." ಅಂಗೈಗೆ ಹತ್ತಿದ್ದ ಸುಣ್ಣ ಒರೆಸಿಕೊಂಡಳು. "ಆಮೇಲೆ ಒಳಗೆ ಹೋಗಿ ನಳಿಗೆಗಳನ್ನ ತೆಗೆದೆ. ಹಿಡಿಯೋಕಾಗ್ಲಿಲ್ಲ, ಬಟ್ಟೇಲಿ ಸುತ್ತಿ ತೆಗೆದೆ. ಮೇಜಿನ ಮೇಲೆ ಸಾಲಾಗಿ ಇಟ್ಟು ಕರಗೋವರೆಗೂ ನೋಡ್ತಾ ಕೂತೆ. ಅವು ನನ್ನವು. ನನ್ನ ಕೈಯಲ್ಲೇ ಹೋಗ್ಲಿ ಅಂತ."

ನಾನು ಒಂದು ಮೆಟ್ಟಿಲು ಕೆಳಗಿಳಿದೆ.

"ರೈಲು ತಪ್ಪತ್ತೆ, ಹೋಗು," ಎಂದು ಮೇಲೆ ಹೋದಳು.

ದಾರಿಯುದ್ದಕ್ಕೂ ಅದೇ ಯೋಚನೆ. ಜೀವಂತ ಕೋಶಗಳನ್ನು ಎದುರಿಗಿಟ್ಟುಕೊಂಡು ಸಾಯುವುದನ್ನು ನೋಡುತ್ತ ಕೂತಿದ್ದಾಳೆ! ಎಂಥ ಕ್ರೂರಿ. ಇವಳ ಜೊತೆ ಒಂದೇ ಮನೆಯಲ್ಲಿದ್ದೆನಲ್ಲ, ಅವಳ ತಲೆ ಬಾಚಿದೆನಲ್ಲ.

ಸೆಪ್ಟೆಂಬರ್ 5

ಪ್ರೊಫೆಸೋರಾಗೆ ಎಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ. "ಚಿತ್ರಗಳಿವೆ ತಾನೆ? ಚಿತ್ರಗಳು ಸುಳ್ಳಲ್ಲ ತಾನೆ? ಯಾರಾದ್ರೂ ಕೋಶ ಕೇಳಿದ್ರೆ ಕಳಿಸ್ತೀವಿ ಅನ್ನು. ಮರೀತಾರೆ," ಎಂದರು.

ಮೂಲಕೋಶಗಳನ್ನು ಹಳೆಯ ವಿದ್ಯಾರ್ಥಿನಿಯೊಬ್ಬಳು ಬೇಕೆಂದೇ ಹಾಳುಗೆಡವಿದಳು ಎಂಬುದು ಈಗ ಲ್ಯಾಬಿಗೆಲ್ಲ ಗೊತ್ತು. ಅದು ನಿಜವೂ ಹೌದು.

ಸೆಪ್ಟೆಂಬರ್ 27

ಸಮ್ಮೇಳನದಲ್ಲಿ ನನ್ನ ಮಾತಿಗೆ ಸಭಾಂಗಣ ತುಂಬಿತ್ತು. ಒಬ್ಬ ಮುದುಕ ವಿಜ್ಞಾನಿ ಎದ್ದು, ಎಷ್ಟು ತಾಳ್ಮೆಯ ಕೈ ಇದು ಎಂದು ಹೊಗಳಿದ. ಇಬ್ಬರು ಕೋಶ ಕೇಳಿದರು. ಕಳಿಸುತ್ತೇವೆ ಎಂದೆ.

ಅಕ್ಟೋಬರ್ 17

ಇವತ್ತು ಕುರಿಟಿಬಾದಿಂದ ಫೋನ್ ಬಂತು. ಅಲ್ಲಿಯ ಒಂದು ಲ್ಯಾಬಿನ ಮುಖ್ಯಸ್ಥರು, ಓಸ್ಮಾರ್ ಕೊವಾಲ್‌ಚುಕ್. ವಯಸ್ಸಾದವರ ದನಿ, ಮರ್ಯಾದಸ್ಥರು. ಆಕೆ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ.

"ನಿಮ್ಮನ್ನ ಕೇಳಿ ಅಂತ ಅವರೇ ಹೇಳಿದ್ರು," ಎಂದರು. "ನನ್ನ ಕೆಲಸ ಕಣ್ಣಾರೆ ಕಂಡವಳು ಜುಸ್ಸಾರಾ ಒಬ್ಬಳೇ, ಬೇರೆ ಸಾಕ್ಷಿ ನನಗಿಲ್ಲ ಅಂದ್ರು. ಕೈ ಈಗ ಪರವಾಗಿಲ್ವಂತೆ, ಹಿಡಿತ ಬಂದಿದೆಯಂತೆ. ನನಗೂ ಮಾತಾಡಿಸಿದಾಗ ಇಷ್ಟ ಆದ್ರು. ಆದ್ರೆ ಅಲ್ಲಿಂದ ಏನೇನೋ ಸುದ್ದಿ ಕೇಳ್ತಿದ್ದೀನಿ, ಕೋಶ ನಾಶ ಮಾಡಿದ್ರು ಅಂತೆಲ್ಲ. ನೀವು ಒಂದು ಮಾತು ಹೇಳಿ, ನಾನು ಬೇರೆ ಯಾರನ್ನೂ ಕೇಳಲ್ಲ. ತಗೊಳ್ಳಲಾ?"

ಕಿಟಕಿಯಾಚೆ ಹಿನ್ನೀರಿನ ದಂಡೆಯ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ನಾನು ಬಹಳ ಹೊತ್ತು ಯೋಚಿಸಿದೆ. ಆಕೆ ನನಗೆ ಮಾಡಿದ್ದನ್ನೆಲ್ಲ ಹೇಳಬಹುದಿತ್ತು. ನೀರು ಚೆಲ್ಲಿ, ಎಲ್ಲರೆದುರು ನನ್ನನ್ನು ಸುಳ್ಳಿ ಮಾಡಲು ನೋಡಿದ್ದು, ನಳಿಗೆ ಕರಗಿಸಿದ್ದು, ಮೆಟ್ಟಿಲ ಮೇಲೆ ನಿಂತು ನಕ್ಕದ್ದು. ನಾಲಿಗೆಯ ತುದಿಗೇ ಬಂದಿತ್ತು. ಹೇಳಲಿಲ್ಲ.

"ಹಲೋ? ಇದ್ದೀರಾ?"

"ಇದ್ದೀನಿ ಸರ್."

"ಏನು ಹೇಳ್ತೀರಿ?"

"ಅವರ ಬಗ್ಗೆ ನಾನೇನೂ ಹೇಳದೇ ಇರೋದೇ ಒಳ್ಳೇದು, ಸರ್. ದಯವಿಟ್ಟು ತಪ್ಪು ತಿಳೀಬೇಡಿ."

ಆ ಕಡೆ ಕಾಗದ ಮಡಚಿಟ್ಟ ಸದ್ದು ಕೇಳಿಸಿತು.

"ಇಲ್ಲ, ಇಲ್ಲ," ಎಂದರು ಕಡೆಗೆ. "ಅರ್ಥವಾಯ್ತು. ಪಾಪ, ನಿಮ್ಮನ್ನ ಇಕ್ಕಟ್ಟಿಗೆ ಸಿಕ್ಕಿಸಿದೆ, ಕ್ಷಮಿಸಿ." ಫೋನ್ ಇಟ್ಟರು.

ಊಟಕ್ಕೆ ಹೋದೆ. ಕ್ಯಾಂಟೀನಿನಲ್ಲಿ ಇವತ್ತು ಹಂದಿಮಾಂಸ ಹಾಕಿದ ಕಪ್ಪು ಬೀನ್ಸ್ ಕಾಳಿನ ಸಾರು, ಕಿತ್ತಳೆ ಹೋಳು. ಎರಡು ಸಲ ಹಾಕಿಸಿಕೊಂಡು ತಿಂದೆ. ಮನಸ್ಸು ಹಗುರವಾಗಿದೆ. ಇಷ್ಟೆಲ್ಲ ಆದಮೇಲೂ ಆಕೆಯ ಬಗ್ಗೆ ನಾನು ಒಂದೇ ಒಂದು ಕೆಟ್ಟ ಮಾತು ಆಡಲಿಲ್ಲ.